ತೌಬಾ ಇಂದೇ ಮಾಡಿ, ಆಸ್ಪತ್ರೆಗೂ ಇಂದೇ ಹೋಗಿ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿವರ್ಯರ(ಸ) ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಶಾಂತಿ, ಕೃಪೆ ಇರಲಿ.

ಮಾನ್ಯ ಸಹೋದರರೇ, ರಂಜಾನ್‌ಗೆ ಇನ್ನು ಕೆಲವೇ ದಿನ. ಚಾಂದ್ ಕಂಡ ರಾತ್ರಿ ನಮ್ಮಲ್ಲಿ ಹಲವರು ಮನಸ್ಸಿನಲ್ಲೇ ಶಪಥ ಮಾಡುತ್ತಾರೆ: ‘ಇವತ್ತಿನಿಂದ ಕುಡಿತ ಬಂದ್.’ ಈ ಶಪಥ ಮಾಡುವವನು ಅಲ್ಲಾಹನ ಕಡೆಗೆ ಹೆಜ್ಜೆ ಇಟ್ಟವನು. ಅವನ ಆ ಹೆಜ್ಜೆ ಜಾರಬಾರದೆಂದೇ ಇವತ್ತಿನ ಮಾತು.

ಮೊದಲು ನನ್ನದೇ ಒಂದು ತಪ್ಪು ಹೇಳುತ್ತೇನೆ. ಆ ಸಹೋದರನ ಅನುಮತಿ ಪಡೆದೇ ಹೇಳುತ್ತಿದ್ದೇನೆ. ಅವರು ರೇಷ್ಮೆ ನೂಲು ಬಿಚ್ಚುವ ಕೆಲಸದವರು. ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದರು. ಬೆಳಿಗ್ಗೆ ಸ್ವಲ್ಪ ಕುಡಿಯದಿದ್ದರೆ ಕೈ ನಡುಗಿ ನೂಲಿನ ಎಳೆ ಹಿಡಿಯಲು ಆಗುತ್ತಿರಲಿಲ್ಲ. ಒಂದು ರಂಜಾನ್‌ಗೆ ಪೂರ್ತಿ ನಿಲ್ಲಿಸಿದರು. ಮೂರನೇ ರಾತ್ರಿ ತರಾವೀಹ್ ಮುಗಿದ ಮೇಲೆ ಅವರ ಮನೆಯವರು ಓಡಿ ಬಂದರು: ‘ಹಜ್ರತ್, ಏನೋ ಅಸರ್ ಆಗಿದೆ, ಬಂದು ದಮ್ ಮಾಡಿ.’ ಹೋಗಿ ನೋಡಿದೆ. ಮೈಯೆಲ್ಲ ಬೆವರು, ಗೋಡೆಯ ಮೇಲೆ ಹುಳ ಹರಿಯುತ್ತಿದೆ ಎಂದು ಕೈಯಿಂದ ಒರೆಸುತ್ತಿದ್ದರು, ಇಲ್ಲದ ಜನರೊಂದಿಗೆ ಮಾತಾಡುತ್ತಿದ್ದರು. ನಾನು ಓದಿ ಊದಿದೆ, ಬೆಳಗಾಗಲಿ ನೋಡೋಣ ಎಂದೆ. ಸಹ್ರಿ ಹೊತ್ತಿಗೆ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: ‘ಕುಡಿತ ಬಿಟ್ಟು ಎಷ್ಟು ದಿನ ಆಯಿತು?’ ಮನೆಯವರು ಮರ್ಯಾದೆಗೆ ಅಂಜಿ ‘ಇವರು ಕುಡಿಯೋದಿಲ್ಲ’ ಅಂದರು. ನಾನೇ ನಿಜ ಹೇಳಬೇಕಾಯಿತು. ಅಲ್‌ಹಮ್ದುಲಿಲ್ಲಾಹ್, ಅವರು ಉಳಿದರು. ಆದರೆ ನಾನು ಕಳೆದ ಆ ಐದಾರು ಗಂಟೆ ಅವರ ಜೀವವನ್ನೇ ತೆಗೆಯಬಹುದಿತ್ತು. ಕುರ್‌ಆನ್ ಶಿಫಾ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದ್ದೂ ಅದೇ ಪ್ರವಾದಿ(ಸ). ದುಆ ಮಾಡುತ್ತಲೇ ಗಾಡಿ ಹತ್ತಿಸಬೇಕಿತ್ತು.

ಹೀಗೇಕೆ ಆಗುತ್ತದೆ? ಎದುರಿನಿಂದ ಒಬ್ಬ ಬಾಗಿಲು ತಳ್ಳುತ್ತಿದ್ದರೆ ನಾವೂ ಬಲ ಹಾಕಿ ತಳ್ಳುತ್ತೇವೆ. ಅವನು ತಟ್ಟನೆ ಪಕ್ಕಕ್ಕೆ ಸರಿದರೆ ನಾವೇ ಮುಗ್ಗರಿಸುತ್ತೇವೆ. ಮದ್ಯ ದಿನವೂ ಮೆದುಳನ್ನು ಮಂಕು ಮಾಡುತ್ತದೆ, ಮೆದುಳು ಅದರ ವಿರುದ್ಧ ಬಲ ಹಾಕಿ ನಿಂತಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ಬಲಕ್ಕೆ ತಡೆಯೇ ಇರುವುದಿಲ್ಲ. ಕೊನೆಯ ಕುಡಿತದ 6-8 ಗಂಟೆಗಳ ನಂತರ ನಡುಕ, ಬೆವರು, ವಾಂತಿ ಶುರುವಾಗುತ್ತದೆ, ನಿದ್ದೆ ಬರುವುದಿಲ್ಲ. ಮೊದಲ 2 ದಿನಗಳಲ್ಲಿ ಫಿಟ್ಸ್ ಬರಬಹುದು. 2ರಿಂದ 4ನೇ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಇದನ್ನು ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಆದವರಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ.

2020ರ ಲಾಕ್‌ಡೌನ್ ನೆನಪಿಸಿಕೊಳ್ಳಿ. ಮಾರ್ಚ್ ಕೊನೆಯಲ್ಲಿ ಮದ್ಯದಂಗಡಿಗಳು ಮುಚ್ಚಿದವು, ಮತ್ತೆ ತೆರೆದದ್ದು ಮೇ 4ಕ್ಕೆ. ಆ ದಿನಗಳಲ್ಲಿ ನಮ್ಮ ರಾಜ್ಯದಲ್ಲೂ ಪಕ್ಕದ ಕೇರಳದಲ್ಲೂ ಕುಡಿತ ತಟ್ಟನೆ ನಿಂತು ತತ್ತರಿಸಿದವರ, ಜೀವ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಇದು ಬರೀ ಮನಸ್ಸಿನ ದೌರ್ಬಲ್ಯವಲ್ಲ, ದೇಹದ ಕಾಯಿಲೆಯೂ ಹೌದು.

‘ಹಾಗಾದರೆ ಹಜ್ರತ್ ನಿಧಾನವಾಗಿ ಬಿಡಿ ಅಂತಾರೆ’ ಎಂದು ಯಾರೂ ಹೊರಗೆ ಹೋಗಿ ಹೇಳಬೇಡಿ. ಮದ್ಯದ ಬಗ್ಗೆ ಆಜ್ಞೆ ಹಂತಹಂತವಾಗಿ ಬಂತು: ಮೊದಲು ಅಲ್ ಬಕರದ 219ನೇ ಆಯತ್, ನಂತರ ಅನ್ನಿಸಾದ 43, ಕೊನೆಗೆ ಅಲ್ ಮಾಇದದ 90. ಮನುಷ್ಯನ ಅಭ್ಯಾಸದ ಹಿಡಿತ ಎಷ್ಟೆಂದು ಅಲ್ಲಾಹನಿಗೆ ಗೊತ್ತು. ಆದರೆ ಈಗ ಆಜ್ಞೆ ಪೂರ್ಣವಾಗಿದೆ, ಹರಾಮ್ ಹರಾಮೇ. ಬಿಡಲೇಬೇಕು. ಹೇಗೆ ಬಿಡಬೇಕು ಎಂಬುದಷ್ಟೇ ಪ್ರಶ್ನೆ. ಮದ್ಯದ ಜಾಗದಲ್ಲಿ ಕೆಲವು ದಿನ ನರಗಳನ್ನು ಹಿಡಿದಿಡುವ ಔಷಧವನ್ನು ವೈದ್ಯರು ಕೊಟ್ಟು ಕ್ರಮೇಣ ಇಳಿಸುತ್ತಾರೆ. ಅದು ನಶೆಯಲ್ಲ, ಚಿಕಿತ್ಸೆ. ನಮ್ಮನ್ನು ನಾವೇ ವಿನಾಶಕ್ಕೆ ತಳ್ಳಬಾರದೆಂದೂ ಅಲ್ಲಾಹನು ಆಜ್ಞಾಪಿಸಿದ್ದಾನೆ.

ಆದ್ದರಿಂದ, ದಿನವೂ ಹೆಚ್ಚು ಕುಡಿಯುವವರು, ಬೆಳಿಗ್ಗೆ ಕೈ ನಡುಗುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ಬಾಗಿಲು ಹಾಕಿಕೊಂಡು ಒಬ್ಬರೇ ನಿಲ್ಲಿಸಬೇಡಿ. ತೌಬಾದ ಮೊದಲ ಹೆಜ್ಜೆ ಆಸ್ಪತ್ರೆಯ ಕಡೆಗಿರಲಿ. ರಂಜಾನ್‌ವರೆಗೂ ಕಾಯಬೇಡಿ, ಇವತ್ತೇ ಹೋಗಿ. ರಾಮನಗರದಲ್ಲಿ ಜಿಲ್ಲಾಸ್ಪತ್ರೆ ಇದೆ. ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಿಗಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಮಾತಾಡಲು ಸಂಕೋಚವಾದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಣ ಕೊಡಬೇಕಿಲ್ಲ.

ಮನೆಯವರಿಗೆ ಕೆಲವು ಮಾತು. ಡಾಕ್ಟರ ಮುಂದೆ ನಿಜ ಹೇಳಿ, ಗ್ಲೂಕೋಸ್ ಹಾಕುವ ಮೊದಲೇ ಹೇಳಿ. ಇಂಥವರ ದೇಹದಲ್ಲಿ ಬಿ1 ವಿಟಮಿನ್ ಬತ್ತಿರುತ್ತದೆ, ಅದನ್ನು ಮೊದಲು ಕೊಡಬೇಕಾಗುತ್ತದೆ. ಯಾರೋ ಕೊಟ್ಟ ಪುಡಿ, ಮಾತ್ರೆಯನ್ನು ಅವರಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಬೇಡಿ. ಅದರ ಮೇಲೆ ಕುಡಿದರೆ ಜೀವಕ್ಕೆ ಕುತ್ತು. ಮೆಡಿಕಲ್ ಸ್ಟೋರಿನಿಂದ ನಿದ್ದೆ ಮಾತ್ರೆ ತಂದು ನೀವೇ ಕೊಡಬೇಡಿ. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಡುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ. ಚಿಕಿತ್ಸೆಯ ದಿನಗಳಲ್ಲಿ ಉಪವಾಸ ಬೇಡವೆಂದು ವೈದ್ಯರು ಹೇಳಿದರೆ ಕೇಳಿ. ರೋಗಿಗೆ ವಿನಾಯಿತಿ ಕೊಟ್ಟವನು ಅಲ್ಲಾಹನೇ, ಗುಣವಾದ ಮೇಲೆ ಕಝಾ ಮಾಡಬಹುದು.

ಜಮಾಅತಿನವರಿಗೂ ಒಂದು ಮಾತು. ಕುಡಿದು ಮತ್ತೆ ಮತ್ತೆ ಶಿಕ್ಷೆಗೆ ಒಳಗಾದ ಒಬ್ಬ ಸಹಾಬಿಯನ್ನು ಯಾರೋ ಶಪಿಸಿದಾಗ ಪ್ರವಾದಿ(ಸ) ತಡೆದರು. ಆತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುವವನು ಎಂದರು. ನಾವು ಹಂಗಿಸಿದ ಕಾರಣಕ್ಕೇ ಜನ ಅಡಗುತ್ತಾರೆ, ಅಡಗಿದ್ದಕ್ಕೇ ಚಿಕಿತ್ಸೆ ತಡವಾಗುತ್ತದೆ. ಯಾರಿಗಾದರೂ ಆಸ್ಪತ್ರೆಗೆ ಜೊತೆ ಬೇಕಿದ್ದರೆ ಇಶಾ ನಂತರ ನನ್ನ ಹುಜ್ರಾಕ್ಕೆ ಬನ್ನಿ. ಹೆಸರು ಹೊರಗೆ ಹೋಗದು, ನಾನೇ ಜೊತೆಗೆ ಬರುತ್ತೇನೆ.

ಅಲ್ಲಾಹನೇ, ಬಿಡಬೇಕೆಂದಿರುವವರಿಗೆ ದಾರಿ ಸುಲಭ ಮಾಡು, ರೋಗಿಗಳಿಗೆ ಶಿಫಾ ಕೊಡು, ಅವರ ಮಕ್ಕಳ ಕಣ್ಣೀರು ಒರೆಸು. ಆಮೀನ್.