ಪುಟ್ಟ ರೇಸ್ ಕಾರಿಗೆ ಅಲ್ಯೂಮಿನಿಯಂ ಚಕ್ರ: ಚಕ್ರ ಉಳಿದ್ರೆ ಕಾರು ಉಳಿಯುತ್ತಾ?



ಇವತ್ತಿನ ವಿಷಯ ಅಂಗೈ ಮೇಲೆ ಕೂರೋವಷ್ಟು ಪುಟ್ಟ ರೇಸ್ ಕಾರುಗಳು. ರಿಮೋಟ್‌ನಲ್ಲಿ ಓಡುತ್ತವೆ ಅಂತ ಇವನ್ನ ಬರೀ ಆಟಿಕೆ ಅಂದುಕೊಳ್ಳಬೇಡಿ. ಜಪಾನಿನ ಕ್ಯೋಶೋ ಕಂಪನಿ 1999ರಲ್ಲಿ ಮಿನಿ-ಝಡ್ ಅನ್ನೋ ಸರಣಿ ತಂದ ಮೇಲೆ, ಸುಮಾರು 1:28 ಅಳತೆಯ ಈ ಕಾರುಗಳಿಗೆ ಜಗತ್ತಿನ ಹಲವು ಕಡೆ ಟ್ರ್ಯಾಕ್, ಕ್ಲಬ್, ರೇಸ್ ಎಲ್ಲಾ ಹುಟ್ಟಿಕೊಂಡವು. ಬ್ಯಾಟರಿ ಸೇರಿದರೂ ಕಾರಿನ ತೂಕ ಸುಮಾರು 170 ಗ್ರಾಂ ಅಷ್ಟೇ.

ಕಾರಿನ ಜೊತೆ ಬರೋದು ಪ್ಲಾಸ್ಟಿಕ್ ಚಕ್ರ. ನಾಲ್ಕು ದಿನ ಓಡಿಸಿದ ಮೇಲೆ ಎಲ್ಲರಿಗೂ ಒಂದೇ ಆಸೆ: ಅಲ್ಯೂಮಿನಿಯಂ ಚಕ್ರ ಹಾಕಿಸೋಣ. ನೋಡೋಕೆ ಚೆನ್ನಾಗಿರುತ್ತೆ, ಲೋಹ ಬೇರೆ, ಮುರಿಯಲ್ಲ. ಅದಕ್ಕೆ ಹಲವು ಪಟ್ಟು ದುಡ್ಡು ಕೊಡೋ ಮುಂಚೆ ಒಂದು ಪ್ರಶ್ನೆ ಕೇಳ್ಕೊಳ್ಳಿ. ನಮಗೆ ಉಳಿಯಬೇಕಾಗಿರೋದು ಚಕ್ರಾನಾ, ಕಾರಾ?

ಕ್ರಿಕೆಟ್‌ನಲ್ಲಿ ಜೋರಾಗಿ ಬಂದ ಕ್ಯಾಚ್ ಹಿಡಿಯುವಾಗ ಕೈಯನ್ನ ಹಿಂದಕ್ಕೆ ಎಳ್ಕೊಳ್ತೀವಿ, ಅಲ್ವಾ? ಚೆಂಡು ನಿಲ್ಲೋಕೆ ಸ್ವಲ್ಪ ಹೆಚ್ಚು ದೂರ ಸಿಕ್ಕಿದ್ರೆ ಕೈಗೆ ಪೆಟ್ಟು ಕಡಿಮೆ. ಲೆಕ್ಕ ಸರಳ: ನಿಲ್ಲೋ ದೂರ ಅರ್ಧ ಆದ್ರೆ ಬಲ ಎರಡು ಪಟ್ಟು. ಪ್ಲಾಸ್ಟಿಕ್ ಚಕ್ರ ಗೋಡೆಗೆ ಬಡಿದಾಗ ಸ್ವಲ್ಪ ಬಾಗಿ, ಮತ್ತೆ ಮೊದಲಿನ ಆಕಾರಕ್ಕೆ ಬರುತ್ತೆ. ಅಂದ್ರೆ ಅದು ಕೈ ಹಿಂದಕ್ಕೆ ಎಳ್ಕೊಂಡ ಹಾಗೆ. ಅಲ್ಯೂಮಿನಿಯಂ ನೈಲಾನ್‌ಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬಿಗಿ. ಅದು ಬಾಗಲ್ಲ, ಪೆಟ್ಟನ್ನ ಹಾಗೇ ಒಳಗೆ ದಾಟಿಸುತ್ತೆ.

ಒಳಗೆ ಏನಿದೆ? ಚಕ್ರವನ್ನ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸೋ ಸ್ಟೀರಿಂಗ್ ನಕಲ್, ತೆಳು ಆಕ್ಸಲ್, ಅಕ್ಕಿಕಾಳಿನಷ್ಟು ಸೂಕ್ಷ್ಮ ಭಾಗಗಳು. ಇವುಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ಕೇ. ಚಕ್ರ ಥಳಥಳ ಅಂತ ಹಾಗೇ ಇರುತ್ತೆ, ನಕಲ್ ಮುರಿದು ಕೈಗೆ ಬರುತ್ತೆ. ಮನೆಯಲ್ಲಿ ಫ್ಯೂಸ್ ಜಾಗಕ್ಕೆ ದಪ್ಪ ತಂತಿ ಸುತ್ತಿದ ಕಥೆ ಇದು. ಫ್ಯೂಸ್ ಹೋಗಲ್ಲ ನಿಜ, ಫ್ರಿಜ್ಜು ಹೋಗುತ್ತೆ.

ಎರಡನೇದು ತೂಕ. ಅಲ್ಯೂಮಿನಿಯಂ ಸಾಂದ್ರತೆ ಘನ ಸೆಂಟಿಮೀಟರಿಗೆ 2.7 ಗ್ರಾಂ, ಎಬಿಎಸ್ ಪ್ಲಾಸ್ಟಿಕ್ಕಿದು ಸುಮಾರು 1.05. ಒಂದೇ ಆಕಾರದಲ್ಲಿ ಮಾಡಿದ್ರೆ ಎರಡೂವರೆ ಪಟ್ಟು ಭಾರ. ಅದಕ್ಕೇ ಒಳ್ಳೆಯ ಚಕ್ರಗಳಲ್ಲಿ ಗೋಡೆ ತೆಳ್ಳಗೆ, ಕಡ್ಡಿ ಸಣ್ಣಗೆ ಮಾಡಿರ್ತಾರೆ. ಆದ್ರೂ ತಿರುಗೋ ಚಕ್ರದ ಅಂಚಿನಲ್ಲಿ ಹೆಚ್ಚಾದ ಒಂದು ಗ್ರಾಂ, ಕಾರು ವೇಗ ಹಿಡಿಯುವಾಗ ಸುಮಾರು ಎರಡು ಗ್ರಾಂನಷ್ಟು ಹೊರೆ. ಮೋಟಾರಿಗೂ ಅದು ಗೊತ್ತಾಗುತ್ತೆ, ತಿರುವಿನಲ್ಲಿ ನಿಮಗೂ ಗೊತ್ತಾಗುತ್ತೆ.

ಹಾಗಾದ್ರೆ ಅಲ್ಯೂಮಿನಿಯಂ ದಂಡವಾ? ಖಂಡಿತ ಇಲ್ಲ. ಲೇತ್‌ನಲ್ಲಿ ಸರಿಯಾಗಿ ಕಡೆದ ಚಕ್ರ ಪಕ್ಕಾ ದುಂಡಗಿರುತ್ತೆ, ಓಲಾಡಲ್ಲ. ಪದೇ ಪದೇ ಬಿಚ್ಚಿ ಹಾಕಿದ್ರೂ ನಡುವಿನ ತೂತು ಸಡಿಲ ಆಗಲ್ಲ. ಸ್ವಲ್ಪ ದೊಡ್ಡ 1:10 ಕಾರುಗಳಲ್ಲಿ ಚಕ್ರದ ಹಿಂದೆ 12 ಮಿಲಿಮೀಟರಿನ ಆರು ಮೂಲೆಯ ಗುಳಿ ಇರುತ್ತೆ. ಜೋರು ಮೋಟಾರ್ ಹಾಕಿದ್ರೆ ಪ್ಲಾಸ್ಟಿಕ್ಕಿನಲ್ಲಿ ಆ ಮೂಲೆಗಳು ಸವೆದುಹೋಗ್ತವೆ, ಲೋಹದಲ್ಲಿ ಅಷ್ಟು ಬೇಗ ಸವೆಯಲ್ಲ. ಬಂಡೆ ಹತ್ತೋ ಕ್ರಾಲರ್ ಕಾರುಗಳಿಗಂತೂ ಅಲ್ಯೂಮಿನಿಯಂ ಹೇಳಿ ಮಾಡಿಸಿದ ಹಾಗೆ. ಅಲ್ಲಿ ವೇಗ ಕಡಿಮೆ, ಕೆಳಗಡೆ ತೂಕ ಇದ್ದಷ್ಟೂ ಒಳ್ಳೇದು.

ಕೊಳ್ಳೋವಾಗ ಮೂರು ವಿಷಯ ನೋಡಿ. ಒಂದು, ಅಚ್ಚಿಗೆ ಸುರಿದು ಮಾಡಿದ್ದಾ, ಗಟ್ಟಿ ತುಂಡಿನಿಂದ ಕಡೆದಿದ್ದಾ? ಸುರಿದಿದ್ದು ಸಾಮಾನ್ಯವಾಗಿ ಬೇಗ ಬಿರುಕು ಬಿಡುತ್ತೆ. ಎರಡು, ಯಾವ ಮಿಶ್ರಲೋಹ? 6061ಕ್ಕಿಂತ 7075 ಹೆಚ್ಚು ಬಲ, ಬೆಲೆಯೂ ಹೆಚ್ಚು. ಮೂರು, ಬಣ್ಣ ನೋಡಿ ಮೋಸ ಹೋಗಬೇಡಿ. ಅನೋಡೈಸ್ ಮಾಡಿದ ಪದರ ಗೀರು ತಡೆಯುತ್ತೆ, ಬಾಗೋದನ್ನ ತಡೆಯಲ್ಲ.

ಇನ್ನೊಂದು ಮಾತು. ಸೈಕಲ್ ಶಾಪಿನವರು 'ಬೆಂಡ್ ಬಂದಿದೆ' ಅಂತಾರಲ್ಲ, ಅಲ್ಯೂಮಿನಿಯಂ ಚಕ್ರಕ್ಕೆ ಹಾಗಾದ್ರೆ ಇಕ್ಕಳದಲ್ಲಿ ಹಿಡಿದು ನೇರ ಮಾಡಬೇಡಿ. ಬಾಗಿದ ಜಾಗ ಗಡುಸಾಗಿರುತ್ತೆ, ಮತ್ತೆ ಬಗ್ಗಿಸಿದ್ರೆ ಅಲ್ಲೇ ಬಿರುಕು. ಪ್ರತಿ ರೇಸ್ ಆದ ಮೇಲೆ ಚಕ್ರವನ್ನ ಬೆರಳಲ್ಲಿ ತಿರುಗಿಸಿ ಅಂಚನ್ನ ನೋಡಿ. ಓಲಾಡ್ತಿದ್ರೆ ಬೇರಿಂಗ್ ಕೂಡ ಹಾಳಾಗೋ ದಾರಿಯಲ್ಲಿದೆ ಅಂತ ಅರ್ಥ.

ನನ್ನ ಸಲಹೆ ಇಷ್ಟೇ. ಹೊಸಬರು, ದಿನಾ ಗೋಡೆಗೆ ಗುದ್ದೋರು, ಪ್ಲಾಸ್ಟಿಕ್ ಚಕ್ರವನ್ನೇ ಇಟ್ಕೊಳ್ಳಿ, ಎರಡು ಜೊತೆ ಹೆಚ್ಚಿಗೆ ಕೊಂಡಿಡಿ. ಉಳಿದ ದುಡ್ಡಲ್ಲಿ ಒಳ್ಳೆ ಟೈರ್ ತಗೊಳ್ಳಿ. ಲ್ಯಾಪ್ ಟೈಮ್ ಇಳಿಸೋದು ಟೈರು, ಚಕ್ರದ ಹೊಳಪಲ್ಲ. ಗುದ್ದೋದು ಕಡಿಮೆ ಆದ ಮೇಲೆ ಅಲ್ಯೂಮಿನಿಯಂ ಹಾಕಿ, ಆಗ ಅದು ವರ್ಷಗಟ್ಟಲೆ ಬಾಳುತ್ತೆ.