ಹಿಟ್ಟಿನ ಕೋಳಿ ಮತ್ತು ಪರದೆಯ ಪ್ರೇಮ

(ಐರೋಲಿಯಲ್ಲಿ ಸೇರಿದ್ದ ಸಮಾಜಬಾಂಧವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಸುಧಾರಣೆಯ ವೇದಿಕೆಯಲ್ಲಿ ಸಿನಿಮಾದ ಮಾತೇಕೆ ಎಂಬ ಪ್ರಶ್ನೆ ಸಹಜವಾದುದೇ. ಬಸದಿಗಳ ಆಡಳಿತ, ವಿದ್ಯಾರ್ಥಿವೇತನ, ಮದುವೆಯ ದುಂದುವೆಚ್ಚ ಮೊದಲಾದ ವಿಷಯಗಳಿಗೆ ಮೀಸಲಾದ ಹೊತ್ತನ್ನು ನಾಯಕ ನಾಯಕಿಯರ ಪ್ರಣಯಕ್ಕೆ ಕೊಡುವುದು ಕೆಲವರಿಗೆ ಹಗುರವೆನಿಸಬಹುದು. ಆದರೆ ಥಾಣೆಯಿಂದ ವಾಶಿಯತ್ತ ಹೋಗುವ ಲೋಕಲ್ ರೈಲನ್ನು ಐರೋಲಿಯಲ್ಲಿ ಹತ್ತುವ ತರುಣ ತರುಣಿಯರ ಮೊಬೈಲುಗಳತ್ತ ಒಮ್ಮೆ ಕಣ್ಣು ಹಾಯಿಸಿದರೆ ಉತ್ತರ ಸಿಗುತ್ತದೆ. ಒಂದರಲ್ಲಿ ಮರಾಠಿ ಚಿತ್ರ, ಇನ್ನೊಂದರಲ್ಲಿ ಕನ್ನಡ ಧಾರಾವಾಹಿ, ಮತ್ತೊಂದರಲ್ಲಿ ಕೊರಿಯಾದ ಪ್ರೇಮಕಥೆ. ಯಾರು ಯಾರನ್ನು ಬಯಸಬಹುದು, ಬಯಸಿದರೆ ಏನಾಗುತ್ತದೆ ಎಂಬ ಪಾಠವನ್ನು ಹೊಸ ಪೀಳಿಗೆ ಪ್ರವಚನ ಮಂಟಪದಲ್ಲಿ ಕಲಿಯುತ್ತಿಲ್ಲ. ಈ ಪುಟ್ಟ ಪರದೆಯಲ್ಲಿ ಕಲಿಯುತ್ತಿದೆ.

ಪ್ರತಿ ಚಿತ್ರಕ್ಕೂ ಅಭಿಮಾನಿಗಳಿರುತ್ತಾರೆ. ಅವರ ವಾದವಿವಾದಗಳನ್ನು ಹಿರಿಯರು ಕಾಲಹರಣವೆಂದು ತಳ್ಳಿಹಾಕುವುದುಂಟು. ಆದರೆ ಗಂಭೀರ ಅಭಿಮಾನಿ ಕೇಳುವ ಪ್ರಶ್ನೆಗಳು ಸಣ್ಣವಲ್ಲ. ಪರದೆಯ ಮೇಲೆ ಪ್ರೀತಿಸಲು ಅರ್ಹರಾದವರು ಯಾರು? ಪ್ರೇಮದಲ್ಲಿ ನಿರ್ಣಯ ಯಾರದು? ಕೊನೆಗೆ ಬೆಲೆ ತೆರುವವರು ಯಾರು? ಪ್ರಾತಿನಿಧ್ಯವೆಂದರೆ ಯಾವ ಸಮುದಾಯದವರು ಎಷ್ಟು ದೃಶ್ಯಗಳಲ್ಲಿ ಕಾಣಿಸಿಕೊಂಡರೆಂಬ ತಲೆಯೆಣಿಕೆ ಎಂದು ತಿಳಿಯುವುದು ವಾಡಿಕೆ. ಅಭಿಮಾನಿಯ ಈ ಮೂರು ಪ್ರಶ್ನೆಗಳನ್ನು ಹಿಡಿದು ನೋಡಿದರೆ ಲೆಕ್ಕವೇ ಬೇರೆಯಾಗುತ್ತದೆ.

ಕನ್ನಡದ ಎರಡು ಚಿತ್ರಗಳನ್ನು ನೋಡೋಣ. 1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ‘ನಾಗರಹಾವು’ ತೆಗೆದರು. ರಾಮಾಚಾರಿ ಮೊದಲು ಅಲಮೇಲುವನ್ನು ಪ್ರೀತಿಸುತ್ತಾನೆ. ಜಾತಿ ಬೇರೆಯೆಂಬ ಕಾರಣಕ್ಕೆ ಚಾಮಯ್ಯ ಮೇಷ್ಟ್ರು ಅವನ ಮನವೊಲಿಸಿ ಆ ಪ್ರೀತಿಯನ್ನು ಬಿಡಿಸುತ್ತಾರೆ. ಮೇಷ್ಟ್ರು ಕೆಟ್ಟವರಲ್ಲ, ಶಿಷ್ಯನಿಗೆ ಒಳಿತನ್ನೇ ಬಯಸಿದವರು. ಆದರೆ ಆ ನಿರ್ಣಯದ ಬೆಲೆಯನ್ನು ತೆತ್ತವಳು ಅಲಮೇಲು. ಬೇರೊಬ್ಬನನ್ನು ಮದುವೆಯಾಗಿ, ಅವನಿಂದಲೇ ಬೀದಿಪಾಲಾಗಿ, ಮೈಮಾರುವ ಸ್ಥಿತಿಯಲ್ಲಿ ಆಕೆ ಮತ್ತೆ ರಾಮಾಚಾರಿಯ ಕಣ್ಣಿಗೆ ಬೀಳುತ್ತಾಳೆ. ಎರಡನೆಯ ಪ್ರೀತಿ ಕ್ರೈಸ್ತ ಹುಡುಗಿ ಮಾರ್ಗರೆಟ್ಟಳದು. ಅದು ಚಿತ್ರದುರ್ಗದ ಬೆಟ್ಟದ ಮೇಲೆ ಸಾವಿನಲ್ಲಿ ಮುಗಿಯುತ್ತದೆ. ಗುರುಭಕ್ತಿಯ ಚಿತ್ರವೆಂದು ನೆನೆಯಲ್ಪಡುವ ಇದು, ಒಳ್ಳೆಯವರ ಒಳ್ಳೆಯ ಮಾತಿನಿಂದ ಎಂಥ ಅನಾಹುತವಾಗಬಲ್ಲದೆಂಬುದನ್ನೂ ತೋರಿಸಿದ ಚಿತ್ರ.

2006ರ ಅಂತ್ಯದಲ್ಲಿ ಬಂದ ಯೋಗರಾಜ ಭಟ್ಟರ ‘ಮುಂಗಾರು ಮಳೆ’ಯಲ್ಲಿ ಬೆಟ್ಟದಿಂದ ಬೀಳುವವರಿಲ್ಲ. ಪ್ರೀತಮ್ ಪ್ರೀತಿಸುತ್ತಾನೆ, ನಂದಿನಿಯ ಮನಸ್ಸೂ ಅವನತ್ತ ಒಲಿಯುತ್ತದೆ. ಆದರೆ ಆಕೆಗೆ ನಿಶ್ಚಯವಾದ ಮದುವೆಯನ್ನು ಮುರಿಯಲಾರದೆ, ಎರಡು ಕುಟುಂಬಗಳ ನೋವನ್ನು ನೆನೆದು ಪ್ರೀತಮ್ ತಾನೇ ಹಿಂದೆ ಸರಿಯುತ್ತಾನೆ. ಪ್ರೇಕ್ಷಕರು ಆ ತ್ಯಾಗಕ್ಕೆ ಕಣ್ಣೀರಿಟ್ಟರು. ಚಿತ್ರ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಹೆಚ್ಚು ಕಾಲ ಓಡಿತು. ತ್ಯಾಗ ಮಾಡಿದವನು ಪ್ರೀತಮ್, ಸರಿ. ಆದರೆ ತ್ಯಾಗ ಮಾಡಲಾದದ್ದು ನಂದಿನಿಯ ಬಾಳು. ಕೊನೆಯ ನಿರ್ಣಯ ಆಕೆಯ ಕೈಯಲ್ಲಿರಲಿಲ್ಲ. ಮೂವತ್ತನಾಲ್ಕು ವರ್ಷಗಳ ಅಂತರದ ಈ ಎರಡು ಚಿತ್ರಗಳಲ್ಲಿ ಹುಡುಗಿಯ ಇಚ್ಛೆ ಕಥೆಗೆ ಬೇಕು, ತೀರ್ಮಾನಕ್ಕೆ ಬೇಡ.

ಇನ್ನು ಐರೋಲಿಯ ಮನೆಮನೆಗೂ ಪರಿಚಿತವಾದ ಚಿತ್ರಕ್ಕೆ ಬರಬಹುದು. ನಾಗರಾಜ ಮಂಜುಳೆಯವರ ಮರಾಠಿ ಚಿತ್ರ ‘ಸೈರಾಟ್’ 2016ರ ಏಪ್ರಿಲ್ 29ರಂದು ತೆರೆಕಂಡು, ಅದುವರೆಗಿನ ಮರಾಠಿ ಚಿತ್ರಗಳಲ್ಲೆಲ್ಲ ಅತ್ಯಧಿಕ ಗಳಿಕೆಯದಾಯಿತು. ಮಂಜುಳೆಯವರೂ ನಾಯಕಿ ರಿಂಕೂ ರಾಜಗುರು ಅವರೂ ಸೋಲಾಪುರ ಜಿಲ್ಲೆಯವರು. ಅಂದರೆ ಕನ್ನಡ ಮರಾಠಿಗಳೆರಡೂ ಕೇಳಿಬರುವ ಸೀಮೆಯವರು. ಕಥೆಯ ಪರ್ಶ್ಯಾ ಮೀನು ಹಿಡಿಯುವ ಮನೆಯ ಹುಡುಗ. ಆರ್ಚಿ ಊರಿನ ರಾಜಕಾರಣಿ ಪಾಟೀಲರ ಮಗಳು. ಥಾಣೆ ಖಾಡಿಯ ದಂಡೆಯಲ್ಲಿ ಮೀನುಗಾರರ ಹಳ್ಳಿಗಳು ಇಂದಿಗೂ ಉಳಿದಿವೆ. ಅವುಗಳ ನಡುವೆಯೇ ಬೆಳೆದುನಿಂತ ಐರೋಲಿಗೆ ಈ ಜೋಡಿ ದೂರದ ಕಲ್ಪನೆಯೆನಿಸಲಿಲ್ಲ.

ಈ ಚಿತ್ರದಲ್ಲಿ ಬುಲೆಟ್ ಬೈಕನ್ನೂ ಟ್ರ್ಯಾಕ್ಟರನ್ನೂ ಓಡಿಸುವವಳು ಹುಡುಗಿ. ಮೊದಲು ದಿಟ್ಟಿಸಿ ನೋಡುವ ಧೈರ್ಯವೂ ಆಕೆಯದೇ. ಓಡಿಹೋದ ಮೇಲೆ ಹೈದರಾಬಾದಿನ ಕೊಳೆಗೇರಿಯಲ್ಲಿ ಸಂಸಾರ ಹೂಡಿ, ಕಾರ್ಖಾನೆಯಲ್ಲಿ ದುಡಿದು, ಜಗಳವಾಡಿ, ಮತ್ತೆ ಒಂದಾಗುವ ಭಾಗಕ್ಕೆ ನಿರ್ದೇಶಕರು ಚಿತ್ರದ ದೊಡ್ಡ ಪಾಲನ್ನೇ ಮೀಸಲಿಟ್ಟಿದ್ದಾರೆ. ಹಾಡು ಮುಗಿದ ಮೇಲಿನ ಪ್ರೇಮಕ್ಕೆ ಬಾಡಿಗೆ ಕಟ್ಟಬೇಕು, ಅಕ್ಕಿ ತರಬೇಕು. ಕೊನೆಯಲ್ಲಿ ಆರ್ಚಿಯ ಸಹೋದರ ತಾಯಿಯ ಉಡುಗೊರೆಗಳೊಂದಿಗೆ ಮನೆಗೆ ಬರುತ್ತಾನೆ, ಚಹಾ ಕುಡಿಯುತ್ತಾನೆ. ಅನಂತರ ಉಳಿಯುವುದು ಇಬ್ಬರ ಶವ, ಹೊರಗೆ ಹೋಗಿದ್ದುದರಿಂದ ಬದುಕಿದ ಪುಟ್ಟ ಮಗು, ಅದರ ರಕ್ತದ ಹೆಜ್ಜೆ.

ಇದೇ ಕಥೆ 2017ರಲ್ಲಿ ಎಸ್. ನಾರಾಯಣರ ನಿರ್ದೇಶನದಲ್ಲಿ, ಅದೇ ರಿಂಕೂ ರಾಜಗುರು ನಾಯಕಿಯಾಗಿ, ‘ಮನಸು ಮಲ್ಲಿಗೆ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಿತು. 2018ರಲ್ಲಿ ‘ಧಡಕ್’ ಆಗಿ ಹಿಂದಿಗೆ ಹೋಯಿತು. ಹಿಂದಿಯಲ್ಲಿ ಕಥೆ ಉದಯಪುರದ ಸರೋವರಗಳ ದಡಕ್ಕೆ ಸ್ಥಳಾಂತರವಾದಾಗ ಜಾತಿಯ ಮಾತು ಮೆಲುದನಿಗಿಳಿದು, ಹುಡುಗನ ಮನೆ ಹೋಟೆಲು ನಡೆಸುವ ಮನೆಯಾಯಿತು. ಕೊನೆಯೂ ಬದಲಾಯಿತು: ಹುಡುಗನೂ ಮಗುವೂ ಸಾಯುತ್ತಾರೆ, ಹುಡುಗಿ ಬದುಕುತ್ತಾಳೆ. ಕೊಲೆ ಇದೆ, ಕೊಲೆಯ ಕಾರಣ ಮಸುಕಾಗಿದೆ. ಪ್ರಾತಿನಿಧ್ಯದ ಪ್ರಶ್ನೆ ಎಷ್ಟು ನಿಜವಾದುದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಪರ್ಶ್ಯಾ ಯಾರೆಂಬುದನ್ನು ತೆಗೆದುಹಾಕಿದರೆ ಅವನನ್ನು ಏಕೆ ಕೊಂದರೆಂಬುದು ಅರ್ಥವಾಗುವುದಿಲ್ಲ. ದುರಂತವು ಒಂದು ಕ್ರೂರ ಕುಟುಂಬದ ತಪ್ಪಾಗಿಬಿಡುತ್ತದೆ. ಪ್ರೇಕ್ಷಕ ತನ್ನ ಮನೆಯನ್ನು ಪ್ರಶ್ನಿಸಿಕೊಳ್ಳದೆ ಚಿತ್ರಮಂದಿರದಿಂದ ಹೊರಬರಬಹುದು.

ಜನ ಬಯಸಿದ್ದನ್ನು ನಿರ್ಮಾಪಕರು ಕೊಡುತ್ತಾರೆ, ಸಿನಿಮಾ ವ್ಯಾಪಾರ, ಅದರಿಂದ ನೀತಿ ನಿರೀಕ್ಷಿಸುವುದು ತಪ್ಪು ಎಂಬ ಆಕ್ಷೇಪವಿದೆ. ವ್ಯಾಪಾರದ ದೃಷ್ಟಿಯಿಂದಲೇ ಉತ್ತರಿಸುವುದಾದರೆ, ಕಾರಣವನ್ನು ಮುಚ್ಚಿಡದ ‘ಸೈರಾಟ್’ ತನ್ನ ಭಾಷೆಯ ದಾಖಲೆಗಳನ್ನು ಮುರಿಯಿತು. ಇಂಥ ಚಿತ್ರಗಳಿಂದ ಮಕ್ಕಳು ಕೆಡುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಆದರೆ ಆ ಚಿತ್ರದಲ್ಲಿ ಕೆಟ್ಟವರು ಮಕ್ಕಳಲ್ಲ. ಮೂರನೆಯ ಆಕ್ಷೇಪ ಇವೆರಡಕ್ಕಿಂತ ಗಂಭೀರವಾದುದು: ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಜೈನ ಸಮಾಜದಲ್ಲಿ ಯಾರೂ ಮಗಳ ಮೇಲೆ ಕತ್ತಿಯೆತ್ತುವುದಿಲ್ಲ, ಆದ್ದರಿಂದ ಆ ಚಿತ್ರ ಬೇರೆಯವರಿಗೆ ಹೇಳಿದ ಮಾತು.

ಈ ಆಕ್ಷೇಪಕ್ಕೆ ಉತ್ತರ ಎಂಟು ಶತಮಾನಗಳ ಹಿಂದಿನ ಕನ್ನಡ ಜೈನ ಕಾವ್ಯದಲ್ಲಿದೆ. ಜನ್ನನ ‘ಯಶೋಧರ ಚರಿತೆ’ 1209ರ ಕೃತಿ. ಅದೂ ಪ್ರೇಮದ ಕಥೆಯೇ. ರಾಣಿ ಅಮೃತಮತಿ ಇರುಳಿನಲ್ಲಿ ಮಾವುತನೊಬ್ಬನ ಹಾಡನ್ನು ಕೇಳಿ ಮನಸೋಲುತ್ತಾಳೆ. ಆ ಕಾಲದ ಕವಿಯೂ ಪ್ರಾತಿನಿಧ್ಯದ ಪ್ರಶ್ನೆಯಿಂದ ಹೊರತಲ್ಲ. ರಾಣಿಯ ಬಯಕೆಯನ್ನು ಹೇಳುವ ಧೈರ್ಯ ಅವನಿಗಿತ್ತು. ಮಾವುತನನ್ನು ಮಾತ್ರ ಅಷ್ಟವಂಕನೆಂಬ ಕುರೂಪಿಯಾಗಿಯೇ ಚಿತ್ರಿಸಿದ, ರಾಣಿಯನ್ನು ವಿಷವಿಕ್ಕುವವಳಾಗಿ ಮಾಡಿದ. ಗಿರೀಶ ಕಾರ್ನಾಡರು ಇದೇ ಕಥೆಯನ್ನು ಎತ್ತಿಕೊಂಡು ‘ಹಿಟ್ಟಿನ ಹುಂಜ’ ನಾಟಕವನ್ನು ಬರೆದುದು ಈ ಬಿಕ್ಕಟ್ಟಿನ ಆಳವನ್ನು ಕಂಡೇ ಇರಬೇಕು.

ಆದರೆ ಕಾವ್ಯದ ಹೃದಯವಿರುವುದು ಕೋಳಿಯ ಪ್ರಸಂಗದಲ್ಲಿ. ಮನನೊಂದ ಯಶೋಧರ ಕೆಟ್ಟ ಕನಸು ಕಂಡೆನೆಂದು ತಾಯಿಗೆ ಹೇಳುತ್ತಾನೆ. ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ. ಜೀವಹಿಂಸೆಗೆ ಮಗ ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ಒಂದು ನಡುದಾರಿ ಹುಡುಕುತ್ತಾರೆ: ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿಯುವುದು. ರಕ್ತವಿಲ್ಲ, ಜೀವವಿಲ್ಲ, ಪಾಪವೂ ಇಲ್ಲವೆಂಬ ಸಮಾಧಾನ. ಕತ್ತಿ ತಗುಲಿದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಏಟಿಗೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಕೊಲ್ಲಲ್ಪಡುತ್ತಾರೆ. ಕೊಲ್ಲುವ ಸಂಕಲ್ಪವೇ ಕೊಲೆ. ಸಂಕಲ್ಪಹಿಂಸೆಯ ಈ ತತ್ತ್ವವನ್ನು ತಿಳಿಯದ ಶ್ರಾವಕರಿಲ್ಲ.

ಬೇರೆ ಜಾತಿಯ, ಬೇರೆ ಪಂಥದ, ಬೇರೆ ಧರ್ಮದ ಸಂಗಾತಿಯನ್ನು ಆರಿಸಿಕೊಂಡ ಮಗಳ ಬಗ್ಗೆ ‘ನಮ್ಮ ಪಾಲಿಗೆ ಅವಳು ಸತ್ತಳು’ ಎಂದು ಹೇಳುವ ಮನೆ ಕಡಿಯುವುದು ಹಿಟ್ಟಿನ ಕೋಳಿಯನ್ನೇ. ರಕ್ತ ಹರಿಯುವುದಿಲ್ಲ, ಪೊಲೀಸರು ಬರುವುದಿಲ್ಲ. ಗೋಡೆಯ ಮೇಲಿನ ಭಾವಚಿತ್ರ ಇಳಿಯುತ್ತದೆ, ದೂರವಾಣಿಯಲ್ಲಿನ ಹೆಸರು ಅಳಿಯುತ್ತದೆ, ತಾಯಿಗೆ ಮಗಳೊಡನೆ ಮಾತನಾಡಬಾರದೆಂಬ ಕಟ್ಟಪ್ಪಣೆಯಾಗುತ್ತದೆ. ಬಾಣಂತನಕ್ಕೆ ತವರಿಲ್ಲ, ತಂದೆಯ ಅಂತ್ಯದರ್ಶನಕ್ಕೆ ಬಾಗಿಲಿಲ್ಲ. ಕತ್ತಿ ಹಿಡಿದವರು ಇವರಲ್ಲದಿರಬಹುದು. ಆದರೆ ಜನ್ನನ ಲೆಕ್ಕದಲ್ಲಿ ಇವರು ನಿರಪರಾಧಿಗಳಲ್ಲ.

ವಿಪರ್ಯಾಸವೆಂದರೆ ಈ ಗೆರೆಗಳನ್ನು ಎಳೆಯುವುದು ಅನ್ಯಧರ್ಮದವರ ಎದುರಿಗೆ ಮಾತ್ರವಲ್ಲ. ದಕ್ಷಿಣ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಜೈನರಲ್ಲಿ ಚತುರ್ಥ, ಪಂಚಮ, ಕಾಸಾರ, ಶೇತವಾಳ ಎಂಬ ಒಳಪಂಗಡಗಳ ಗೋಡೆಗಳು ವಧೂವರ ಪತ್ರಿಕೆಯಲ್ಲಿ ಇಂದಿಗೂ ಒಂದು ಕಾಲಮಾಗಿ ಉಳಿದಿವೆ. ಯಾವ ತೀರ್ಥಂಕರರ ಸಮವಸರಣದಲ್ಲಿ ಪಶುಪಕ್ಷಿಗಳಿಗೂ ಜಾಗವಿತ್ತೆಂದು ಬಸದಿಯ ಗೋಡೆಗಳು ಸಾರುತ್ತವೆಯೋ ಅವರ ಅನುಯಾಯಿಗಳ ಮದುವೆ ಮಂಟಪದಲ್ಲಿ ಪಕ್ಕದ ಒಳಪಂಗಡಕ್ಕೆ ಜಾಗವಿಲ್ಲ.

ಕಾನೂನಿನ ಬಗ್ಗೆಯೂ ಹಲವು ಮನೆಗಳಲ್ಲಿ ತಪ್ಪು ತಿಳಿವಳಿಕೆ ಇದೆ. ಬೆದರಿಕೆಗಳು ಹುಟ್ಟುವುದು ಆ ಅಜ್ಞಾನದಿಂದಲೇ. 1955ರ ಹಿಂದೂ ವಿವಾಹ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಅದರಡಿಯಲ್ಲಿ ಜಾತಿ, ಒಳಪಂಗಡಗಳ ಭೇದ ಮದುವೆಗೆ ಅಡ್ಡಿಯಲ್ಲ. 1954ರ ವಿಶೇಷ ವಿವಾಹ ಕಾಯಿದೆಯಡಿ ಧರ್ಮ ಬದಲಿಸದೆಯೇ ಯಾರನ್ನಾದರೂ ಮದುವೆಯಾಗಬಹುದು; ಇಬ್ಬರಲ್ಲಿ ಒಬ್ಬರಾದರೂ 30 ದಿನ ವಾಸವಾಗಿರುವ ಜಿಲ್ಲೆಯಲ್ಲಿ ನೋಟಿಸು ಕೊಡಬೇಕು. ಈ ಕಾಯಿದೆಯ 19ನೇ ಕಲಮಿನ ಪ್ರಕಾರ, ಅವಿಭಕ್ತ ಕುಟುಂಬದ ಸದಸ್ಯರು ಇದರಡಿ ಮದುವೆಯಾದರೆ ಆ ಕುಟುಂಬದಿಂದ ಬೇರ್ಪಟ್ಟಂತೆ. ಇದನ್ನು ತೋರಿಸಿ ‘ಆಸ್ತಿಯಲ್ಲಿ ಚಿಕ್ಕಾಸೂ ಇಲ್ಲ’ ಎಂದು ಹೆದರಿಸುವವರಿದ್ದಾರೆ. ಬೇರ್ಪಡುವುದೆಂದರೆ ಪಾಲು ಕಳೆದುಕೊಳ್ಳುವುದಲ್ಲ. ತನ್ನ ಪಾಲಿನೊಂದಿಗೆ ಬೇರೆಯಾಗುವುದು. ಅಲ್ಲದೆ 1976ರಲ್ಲಿ ಸೇರಿದ 21ಎ ಕಲಮಿನಂತೆ ವಧೂವರರಿಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ ಆ ಬೇರ್ಪಡಿಕೆಯೂ ಅನ್ವಯಿಸದು. 2005ರ ತಿದ್ದುಪಡಿಯ ನಂತರ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳು ಮಗನಷ್ಟೇ ಹಕ್ಕುದಾರಳು. ತಂದೆ ತನ್ನ ಸ್ವಯಾರ್ಜಿತವನ್ನು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಮಗಳ ಹುಟ್ಟಿನ ಹಕ್ಕನ್ನು ಉಯಿಲಿನಿಂದ ಅಳಿಸಲಾರ. ವಯಸ್ಕರಿಬ್ಬರು ಒಪ್ಪಿದ ಮದುವೆಗೆ ಕುಟುಂಬದ ಅಥವಾ ಸಮುದಾಯದ ಸಮ್ಮತಿ ಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರ ಮಾರ್ಚ್ 27ರಂದು ಶಕ್ತಿವಾಹಿನಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಕಾನೂನು ಹಕ್ಕನ್ನು ಕೊಡಬಲ್ಲದು, ತವರನ್ನು ಕೊಡಲಾರದು. ಅದು ಸಮಾಜದ ಕೈಯಲ್ಲಿರುವ ಕೆಲಸ. ಐರೋಲಿಯಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರ ಸ್ಮಾರಕವಿದೆ. ಜಾತಿಯನ್ನು ಕರಗಿಸುವ ನಿಜವಾದ ಮದ್ದು ಅಂತರ್ಜಾತಿ ವಿವಾಹವೆಂದು ಅವರು 1936ರಲ್ಲಿಯೇ ವಾದಿಸಿದರು. ಸಹಭೋಜನ ಮಾತ್ರದಿಂದ ಜಾತಿ ಹೋಗದೆಂಬುದು ಅವರ ಅರಿವು. ಒಂದೇ ಸೊಸೈಟಿಯಲ್ಲಿ ವಾಸ, ಒಂದೇ ಕಚೇರಿಯಲ್ಲಿ ಕೆಲಸ, ಒಂದೇ ಪಂಕ್ತಿಯಲ್ಲಿ ಊಟ ಇವೆಲ್ಲ ನವಿ ಮುಂಬಯಿಯಲ್ಲಿ ಸಾಧ್ಯವಾಗಿವೆ. ಗೋಡೆ ಇನ್ನೂ ನಿಂತಿರುವುದು ಮದುವೆಯ ಹೊಸ್ತಿಲಲ್ಲಿ.

ಆದ್ದರಿಂದ ಈ ಸಭೆಯ ಮುಂದೆ ಎರಡು ಸಣ್ಣ ಸಲಹೆಗಳು. ಮುಂದಿನ ವಧೂವರ ಸಮಾವೇಶದ ಅರ್ಜಿಯಿಂದ ಒಳಪಂಗಡದ ಕಾಲಮನ್ನು ತೆಗೆಯಬೇಕು. ಬೇಕೆನ್ನುವವರು ತಾವೇ ಕೇಳಿ ತಿಳಿಯಲಿ, ಸಂಸ್ಥೆ ಕೇಳುವುದು ಬೇಡ. ಎರಡನೆಯದಾಗಿ, ತಮ್ಮ ಇಚ್ಛೆಯಂತೆ ಮದುವೆಯಾದ ಮಕ್ಕಳ ಹೆಸರು ಸಮಾಜದ ಕುಟುಂಬ ಸೂಚಿಯಿಂದ ಅಳಿಯಬಾರದು. ಸಂಗಾತಿಯ ಹೆಸರಿನ ಸಮೇತ ಅದು ಮುದ್ರಣವಾಗಬೇಕು. ಇದಕ್ಕೆ ನಿಧಿ ಬೇಕಿಲ್ಲ, ಸಮಿತಿ ಬೇಕಿಲ್ಲ, ಒಂದು ಠರಾವು ಸಾಕು.

ಆರ್ಚಿಗಾಗಿ ಅತ್ತ ತಾಯಂದಿರು ಈ ಸಭೆಯಲ್ಲಿ ಅನೇಕರಿದ್ದಾರೆ. ಆ ಕಣ್ಣೀರು ನಿಜವಾದುದು. ಮನೆಯಲ್ಲಿ ಬೆಳೆಯುತ್ತಿರುವ ಹೆಣ್ಣುಮಕ್ಕಳು ಅದನ್ನು ಕಂಡಿದ್ದಾರೆ. ಒಂದು ದಿನ ಅವರಲ್ಲೊಬ್ಬಳು ಒಂದು ಹೆಸರನ್ನು ಹೇಳಲು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಆಗ ತಾಯಿ ಮೊದಲು ಆ ಹುಡುಗನ ಜಾತಿಯನ್ನು ಕೇಳದೆ, ಮಗಳನ್ನು ಕೂರಿಸಿಕೊಂಡು ಅವನು ಎಂಥವನೆಂದು ಕೇಳಲಿ. ಸುಧಾರಣೆಯ ಮೊದಲ ಠರಾವು ಅದೇ.