ದುಡಿಯುವ ಮೈಗೆ ಯಾವ ವ್ಯಾಯಾಮ?



ಸ್ತನ ಕ್ಯಾನ್ಸರಿನ ಕೀಮೋಥೆರಪಿ ಮುಗಿದ ಮೇಲೆ ಉಳಿಯುವ ಮೈಕೈ ನೋವು ಮತ್ತು ಸುಸ್ತು, ಈ ಒಂದೇ ವಿಷಯಕ್ಕೆ ಎರಡು ಪೂರ್ತಿ ದಿನಗಳನ್ನು ಕೊಟ್ಟ ಸಂಘಟಕರಿಗೆ ಮೊದಲು ಕೃತಜ್ಞತೆ ಹೇಳುತ್ತೇನೆ. ಹೊಸ ಔಷಧ, ಹೊಸ ಶಸ್ತ್ರಚಿಕಿತ್ಸೆ, ಹೊಸ ಸ್ಕ್ಯಾನುಗಳ ಮೇಲೆ ನಮ್ಮಲ್ಲಿ ಗೋಷ್ಠಿಗಳು ನಡೆಯುತ್ತಲೇ ಇರುತ್ತವೆ. ಬದುಕಿ ಉಳಿದ ಹೆಂಗಸು ಬೆಳಿಗ್ಗೆ ಹಾಸಿಗೆಯಿಂದ ಹೇಗೆ ಏಳುತ್ತಾಳೆ ಎಂಬ ವಿಚಾರ ಮುಖ್ಯ ವೇದಿಕೆಗೆ ಬರುವುದು ಅಪರೂಪ.

ನನ್ನ ತಕರಾರು ಹಳೆಯದು. ಇಲ್ಲಿರುವ ಹಲವರು ಅದನ್ನು ವಾರ್ಡಿನಲ್ಲಿ, ಓಪಿಡಿಯಲ್ಲಿ, ಪರೀಕ್ಷಾ ಕೊಠಡಿಯಲ್ಲಿ ನನ್ನ ಬಾಯಿಂದಲೇ ಕೇಳಿದ್ದೀರಿ. ಕೊನೆಯ ಡ್ರಿಪ್ ಇಳಿದ ದಿನ ನಾವು ಕೇಸ್‌ಶೀಟಿನಲ್ಲಿ ‘ಕೀಮೋ ಪೂರ್ಣ’ ಎಂದು ಬರೆದು ಸಹಿ ಹಾಕುತ್ತೇವೆ. ಅಲ್ಲಿಂದ ಮುಂದೆ ಗಡ್ಡೆ ಮರುಕಳಿಸಿತೇ ಎಂಬುದಷ್ಟೇ ನಮ್ಮ ಪ್ರಶ್ನೆ. ಮೊಣಕಾಲು ಹಿಡಿದಿದೆ, ಬೆರಳು ಜೋಮುಗಟ್ಟಿದೆ, ಎರಡು ಕೊಡ ನೀರು ತಂದರೆ ಕೂತಲ್ಲೇ ಕೂರಬೇಕಾಗುತ್ತದೆ ಎಂಬುದೆಲ್ಲ ಅವಳ ಮನೆಯ ಪ್ರಶ್ನೆ. ಈ ಗಡಿಯನ್ನು ಹಾಕಿಕೊಂಡವರು ನಾವು. ನಮ್ಮ ವೈದ್ಯವಿಭಾಗ ದಾರಿ ತಪ್ಪಿದ್ದು ಇಲ್ಲೇ ಎಂಬುದು ನನ್ನ ದೃಢವಾದ ನಂಬಿಕೆ.

ಇದನ್ನು ಹೇಳುವವರಲ್ಲಿ ನಾನೇ ಮೊದಲಿಗನಲ್ಲ. ಫಿಟ್ಜ್‌ಹ್ಯೂ ಮುಲ್ಲನ್ ಎಂಬ ಅಮೆರಿಕದ ವೈದ್ಯರು ತಾವೇ ಕ್ಯಾನ್ಸರ್ ಅನುಭವಿಸಿದವರು. ಬದುಕಿ ಉಳಿಯುವುದಕ್ಕೂ ಬೇರೆ ಬೇರೆ ಋತುಗಳಿವೆ ಎಂದು ಅವರು ಬರೆದದ್ದು 1985ರಲ್ಲಿ. ಚಿಕಿತ್ಸೆ ಮುಗಿದ ಮೇಲೆ ರೋಗಿಗಳು ಯಾರ ಕಣ್ಣಿಗೂ ಬೀಳದೆ ಕಳೆದುಹೋಗುತ್ತಿದ್ದಾರೆ ಎಂದು ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2006ರಲ್ಲಿ ಪ್ರಕಟಿಸಿದ ವರದಿಯೂ ಹೇಳಿತು. ಜಾಗತಿಕ ಕ್ಯಾನ್ಸರ್ ಅಂಕಿಅಂಶವಾದ ಗ್ಲೋಬೊಕ್ಯಾನ್ ಅಂದಾಜಿನಂತೆ ಭಾರತದಲ್ಲಿ 2022ರಲ್ಲಿ ಸುಮಾರು 1,92,000 ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಚಿಕಿತ್ಸೆ ಮುಗಿಸಿ ಮನೆ ಸೇರುವವರ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿರುವಾಗ ನಾವು ಇನ್ನೂ ಆ ಸಹಿಯಲ್ಲೇ ನಿಂತಿರಲು ಆಗದು.

ನೋವಿಗೆ ಕಾರಣಗಳೇನು ಎಂಬುದನ್ನು ನಾನು ವಿಸ್ತರಿಸುವುದಿಲ್ಲ. ನನಗಿಂತ ಚೆನ್ನಾಗಿ ಹೇಳಬಲ್ಲವರು ಈ ಸಭೆಯಲ್ಲೇ ಇದ್ದಾರೆ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧದ ಬಗ್ಗೆ ನಮ್ಮ ಔಷಧಶಾಸ್ತ್ರದ ಗೆಳೆಯರು ನಾಳೆ ಮಾತಾಡುತ್ತಾರೆ. ಜೀವಕೋಶ ಇಬ್ಭಾಗವಾಗಲು ಬೇಕಾದ ಸೂಕ್ಷ್ಮನಾಳಗಳನ್ನು ಸೆಟೆದು ನಿಲ್ಲಿಸಿ ಆ ಔಷಧ ಗಡ್ಡೆಯನ್ನು ಕೊಲ್ಲುತ್ತದೆ. ನರಗಳು ತಮಗೆ ಬೇಕಾದ ಸಾಮಗ್ರಿಯನ್ನು ಸಾಗಿಸುವುದೂ ಅದೇ ನಾಳಗಳ ಮೇಲೆ. ಹಾಗಾಗಿ ಅತಿ ಉದ್ದದ ನರಗಳ ತುದಿಯಾದ ಕಾಲ್ಬೆರಳು, ಕೈಬೆರಳು ಮೊದಲು ಜೋಮು ಹಿಡಿಯುತ್ತವೆ. ಹಲವರಿಗೆ ತಿಂಗಳುಗಳಲ್ಲಿ ಇಳಿಯುತ್ತದೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಉರಿ, ನೋವು ಹೆಚ್ಚಿದ್ದಾಗ ಡ್ಯುಲೊಕ್ಸೆಟಿನ್ ಮಾತ್ರೆ ಸ್ವಲ್ಪಮಟ್ಟಿಗೆ ಕೆಲಸ ಮಾಡುತ್ತದೆ ಎಂದು 2013ರ ಪ್ರಯೋಗ ತೋರಿಸಿಕೊಟ್ಟಿದೆ. ಲೆಟ್ರೊಝೋಲ್, ಅನಾಸ್ಟ್ರೊಝೋಲ್ ಎಂಬ ಹಾರ್ಮೋನ್ ಮಾತ್ರೆಗಳು ತರುವ ಕೀಲುನೋವಿನ ಬಗ್ಗೆ, ಕೀಮೋದಿಂದ ಮುಟ್ಟು ಥಟ್ಟನೆ ನಿಂತ ಎಳೆವಯಸ್ಸಿನವರ ಬಗ್ಗೆ ಮೂರನೆಯ ಗೋಷ್ಠಿ ಇದೆ. ಒಂದು ಮಾತ್ರೆ ಒಗ್ಗದಿದ್ದರೆ ವೈದ್ಯರ ಸಲಹೆಯಂತೆ ಕೆಲವು ವಾರ ನಿಲ್ಲಿಸಿ ಇನ್ನೊಂದಕ್ಕೆ ಬದಲಿಸಿದಾಗ ಹಲವರಿಗೆ ಒಗ್ಗುವುದುಂಟು. ಈ ಮಾತನ್ನು ಚಿಕಿತ್ಸೆ ಮುಗಿಸಿ ಇಂದು ಪ್ರತಿನಿಧಿಗಳಾಗಿ ಇಲ್ಲಿ ಕೂತಿರುವ ತಾಯಂದಿರು ನೆನಪಿಟ್ಟುಕೊಳ್ಳಬೇಕು. ಏಕೆಂದರೆ ಮಾತ್ರೆಯನ್ನು ಯಾರಿಗೂ ಹೇಳದೆ ಬಿಟ್ಟುಬಿಡುವವರು ಬಹಳ. ಕ್ಯಾಲಿಫೋರ್ನಿಯಾದ ಎಂಟು ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾರ್ಮೋನ್ ಮಾತ್ರೆಯನ್ನು ಪೂರ್ತಿ ಅವಧಿಗೆ ಸರಿಯಾಗಿ ನುಂಗಿದವರು ಶೇ. 49 ಮಾತ್ರ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಒಂದೇ ಜಾಗದಲ್ಲಿ ಹೊಸದಾಗಿ ಶುರುವಾಗಿ, ರಾತ್ರಿ ನಿದ್ದೆಗೆಡಿಸಿ, ದಿನೇದಿನೇ ಏರುವ ಮೂಳೆನೋವನ್ನು ಯಾರೂ ‘ಕೀಮೋದ್ದೇ ಇರಬೇಕು’ ಎಂದು ತಳ್ಳಿಹಾಕಬಾರದು. ಅದಕ್ಕೆ ಸ್ಕ್ಯಾನ್ ಆಗಲೇಬೇಕು. ಸುಸ್ತು ಎಂದವಳ ರಕ್ತಹೀನತೆ, ಥೈರಾಯ್ಡ್, ವಿಟಮಿನ್ ಡಿ, ನಿದ್ದೆ, ಮನಸ್ಸಿನ ಕುಗ್ಗುವಿಕೆ ಇವಿಷ್ಟನ್ನೂ ನೋಡದೆ ಟಾನಿಕ್ ಬರೆದು ಕಳಿಸಬಾರದು.

ಇಷ್ಟೆಲ್ಲ ನೋಡಿದ ಮೇಲೂ, ರಿಪೋರ್ಟುಗಳೆಲ್ಲ ಸರಿಯಿದ್ದರೂ, ಸುಸ್ತು ಬಿಡದವರು ಇದ್ದೇ ಇರುತ್ತಾರೆ. ಸ್ತನ ಕ್ಯಾನ್ಸರಿನಿಂದ ಪಾರಾದವರಲ್ಲಿ ಸುಮಾರು ಮೂರನೇ ಒಂದು ಭಾಗ ಹೀಗೆ ನರಳುತ್ತಾರೆ ಎಂದು ಸಂಶೋಧಕಿ ಜೂಲಿಯನ್ ಬೋವರ್ ಅವರ ತಂಡ 2000ದಲ್ಲೇ ದಾಖಲಿಸಿತು. ಇದಕ್ಕೆ ಮದ್ದೇನು? 113 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2017ರ ವಿಶ್ಲೇಷಣೆ ಸ್ಪಷ್ಟ ಉತ್ತರ ಕೊಟ್ಟಿತು: ಗುಳಿಗೆಗಳಿಗಿಂತ ವ್ಯಾಯಾಮ ಮೇಲು, ಮಾನಸಿಕ ಚಿಕಿತ್ಸೆ ಮೇಲು. ವಾರಕ್ಕೆ ಮೂರು ಸಲ ಅರ್ಧ ಗಂಟೆ ಬಿರುಸು ನಡಿಗೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು, ಹೀಗೆ 12 ವಾರ ಮಾಡಬೇಕೆಂದು 2019ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನಮ್ಮ ಬೆಂಗಳೂರಿನ ಎಸ್-ವ್ಯಾಸ ವಿಶ್ವವಿದ್ಯಾಲಯದವರು ಯೋಗದ ಮೇಲೆ ಮಾಡಿರುವ ಕೆಲಸ ನಿಮಗೆ ಗೊತ್ತೇ ಇದೆ. ಆ ಪರಂಪರೆಯ ಗೆಳೆಯರು ಎರಡನೆಯ ಸಾಲಿನಲ್ಲಿ ಕೂತಿದ್ದಾರೆ.

ಈಗ ನನ್ನನ್ನು ಬಿಡದೆ ಕಾಡುತ್ತಿರುವ ಪ್ರಶ್ನೆಗೆ ಬರುತ್ತೇನೆ.

ದಕ್ಷಿಣ ಕನ್ನಡದ ಒಬ್ಬ ತಾಯಿ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದರು. ವಾರವಾರ ಪ್ಯಾಕ್ಲಿಟ್ಯಾಕ್ಸೆಲ್ ತೆಗೆದುಕೊಂಡು ಮುಗಿಸಿದ್ದರು. ಆಕೆಯ ನೋವು ಏನೆಂದು ತಿಳಿಯಬೇಕಾದರೆ ಆಕೆ ಕೆಲಸ ಮಾಡುವುದನ್ನೇ ನೋಡಬೇಕಿತ್ತು. ಮೊಣಕಾಲ ಮೇಲೆ ಮೊರ. ನೆನೆಸಿದ ಎಲೆಯನ್ನು ಕತ್ತರಿಯಲ್ಲಿ ಅಳತೆಗೆ ಕತ್ತರಿಸಬೇಕು, ಚಿಟಿಕೆ ಹೊಗೆಸೊಪ್ಪು ಹರಡಬೇಕು, ಹೆಬ್ಬೆರಳು ತೋರುಬೆರಳ ನಡುವೆ ಸುರುಳಿ ಸುತ್ತಬೇಕು, ತುದಿಯನ್ನು ಒಳಕ್ಕೆ ಮಡಚಿ ನೂಲು ಬಿಗಿಯಬೇಕು. ಮೊದಲು ಕಣ್ಣು ಬೇರೆಡೆ ಇದ್ದರೂ ಬೆರಳು ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಕೀಮೋ ಮುಗಿದ ಮೇಲೆ ನೂಲು ಬಿಗಿಯಾಯಿತೋ ಸಡಿಲವಾಯಿತೋ ಬೆರಳಿಗೆ ತಿಳಿಯದು. ಪ್ರತಿಯೊಂದನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿ ಕೆಳಗಿಡುತ್ತಿದ್ದರು. ಕೂಲಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟು ಎಂದು. ಸಡಿಲ ಬೀಡಿ ಕಂಪನಿಯ ಬ್ರಾಂಚಿನಲ್ಲಿ ವಾಪಸು. ಬೆಳಗಿನಿಂದ ಸಂಜೆವರೆಗೆ ಕುತ್ತಿಗೆ ಬಗ್ಗಿಸಿ ಕೂತ ಆ ಹೆಂಗಸಿನ ಚೀಟಿಯಲ್ಲಿ ಬರೆದಿದ್ದದ್ದು: ದಿನಾ ಅರ್ಧ ಗಂಟೆ ವಾಕಿಂಗ್.

ಸಲಹೆ ತಪ್ಪೆಂದು ನಾನು ಹೇಳುತ್ತಿಲ್ಲ. ಆ ಸಲಹೆ ಯಾರನ್ನು ನೋಡಿ ಹುಟ್ಟಿತು ಎಂದು ಕೇಳುತ್ತಿದ್ದೇನೆ. ಹಾರ್ಮೋನ್ ಮಾತ್ರೆ ತರುವ ಕೀಲುನೋವಿಗೆ ವ್ಯಾಯಾಮ ಒಳ್ಳೆಯದೆಂದು ತೋರಿಸಿದ ಯೇಲ್ ವಿಶ್ವವಿದ್ಯಾಲಯದ ‘ಹೋಪ್’ ಪ್ರಯೋಗ 2015ರಲ್ಲಿ ಪ್ರಕಟವಾಯಿತು. 121 ಮಹಿಳೆಯರು, ಒಂದು ವರ್ಷ, ತೀವ್ರ ನೋವಿನಲ್ಲಿ ಶೇ. 29ರಷ್ಟು ಇಳಿತ. ಅಮೂಲ್ಯವಾದ ಕೆಲಸ. ಆದರೆ ಆ ಪ್ರಯೋಗಕ್ಕೆ ಸೇರಿಸಿಕೊಂಡದ್ದು ಅಷ್ಟಾಗಿ ವ್ಯಾಯಾಮ ಮಾಡದವರನ್ನು. ಅಂಥವರಿಗೆ ಚಲನೆ ಔಷಧ, ನಿಜ. ಮಂಡ್ಯದ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಹಾಕುವವಳಿಗೆ? ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಯಂತ್ರದ ಮುಂದೆ ಪಾಳಿ ಮುಗಿಸಿ, ಬಸ್ಸಿನಲ್ಲಿ ನಿಂತು ಬಂದು, ಅಡುಗೆಗೆ ಕೂರುವವಳಿಗೆ?

ಡೆನ್ಮಾರ್ಕಿನ ಸಂಶೋಧಕ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತು ಸಂಗಡಿಗರು ಹೃದ್ರೋಗದ ವಿಷಯದಲ್ಲಿ ಇಂಥದೇ ಪ್ರಶ್ನೆ ಎತ್ತಿದ್ದಾರೆ. ಬಿಡುವಿನ ವೇಳೆಯ ಚಟುವಟಿಕೆ ಆರೋಗ್ಯ ಕೊಡುತ್ತದೆ, ಕೂಲಿಯ ದೈಹಿಕ ದುಡಿಮೆ ಹಾಗೆ ಕೊಡುವುದು ಕಾಣುವುದಿಲ್ಲ ಎನ್ನುತ್ತಾರೆ ಅವರು. ವ್ಯಾಯಾಮ ಸ್ವಲ್ಪ ಹೊತ್ತಿನದು, ಬಿರುಸಿನದು, ಆಮೇಲೆ ವಿಶ್ರಾಂತಿ ಉಂಟು. ದುಡಿಮೆ ದೀರ್ಘ, ಒಂದೇ ಭಂಗಿಯದು, ಯಾವಾಗ ನಿಲ್ಲಿಸಬೇಕೆಂಬುದು ದುಡಿಯುವವಳ ಕೈಯಲ್ಲಿಲ್ಲ. ಇದು ಕೀಮೋ ಮುಗಿಸಿದ ಮೈಗೂ ಅನ್ವಯಿಸುತ್ತದೆಯೇ? ನಾಟಿ ಹಾಕುವವಳಿಗೂ ಭುಜ, ತೊಡೆ ಬಲಪಡಿಸುವ ಕಸರತ್ತು ಬೇಕೇ? ಅಥವಾ ಅವಳಿಗೆ ನಿಜವಾದ ಔಷಧ ಮಧ್ಯಾಹ್ನದ ಒಂದು ಗಂಟೆ ಮಲಗುವುದೇ? ಎನ್‌ಎಫ್‌ಎಚ್‌ಎಸ್-5 (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಕೀಮೋಗೆ ಮುಂಚೆಯೇ ಬರಿದಾಗಿದ್ದ ಮೈಗೆ ವ್ಯಾಯಾಮದ ಪ್ರಮಾಣ ಎಷ್ಟಿರಬೇಕು? ನನ್ನ ಬಳಿ ಉತ್ತರವಿಲ್ಲ. ಫಿಸಿಯೋಥೆರಪಿಯ ನನ್ನ ಹಿರಿಯ ಗೆಳತಿ ಕಸರತ್ತೇ ಬೇಕು ಎನ್ನುತ್ತಾರೆ. ಇಲ್ಲೇ ಕೂತಿರುವ ಸಮುದಾಯ ವೈದ್ಯಶಾಸ್ತ್ರದ ಮಿತ್ರರು ಮೊದಲು ವಿಶ್ರಾಂತಿ ಎನ್ನುತ್ತಾರೆ. ಇಬ್ಬರ ವಾದದಲ್ಲೂ ಹುರುಳಿದೆ. ಇಬ್ಬರೂ ಸೇರಿ ಒಂದು ಪ್ರಯೋಗ ಕಟ್ಟಬೇಕೆಂಬುದು ನನ್ನ ಆಸೆ.

ವಿಶ್ರಾಂತಿ ಎಂದಕೂಡಲೇ ಕೂಲಿಯ ಮಾತು ಬರುತ್ತದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರುವ ಕಾರ್ಮಿಕ ಮಹಿಳೆ ಸೇವಾವಧಿಯ ಷರತ್ತು ಪೂರೈಸಿದ್ದರೆ, ಕ್ಯಾನ್ಸರಿನಂಥ ಕಾಯಿಲೆಗೆ ಎರಡು ವರ್ಷದವರೆಗೆ ವೇತನದ ಶೇ. 80ರಷ್ಟು ಪಡೆಯಲು ಅವಕಾಶವಿದೆ. ಗಾರ್ಮೆಂಟ್ಸ್‌ನ ಹೆಂಗಸರಲ್ಲಿ ಇದನ್ನು ತಿಳಿಯದವರಿದ್ದಾರೆ, ನಾವು ಹೇಳಬೇಕು. ಗದ್ದೆಯ ಕೂಲಿಗೆ ಹೋಗುವವಳಿಗೆ ಅಂಥ ಆಸರೆ ಇಲ್ಲ. ಮಲಗಿದರೆ ಆ ದಿನದ ಸಂಬಳ ಹೋಯಿತು. ಅವಳ ಸುಸ್ತನ್ನು ಹಿಮೋಗ್ಲೋಬಿನ್‌ನಲ್ಲಿ ಮಾತ್ರ ಹುಡುಕಿದರೆ ಅರ್ಧ ಕಾರಣ ನಮ್ಮ ಕೈತಪ್ಪುತ್ತದೆ.

ಹಾಗಾಗಿ ಈ ಸಂಕಿರಣದ ಮುಂದೆ ಎರಡು ಬೇಡಿಕೆ ಇಡುತ್ತೇನೆ. ಕೀಮೋ ಮುಗಿದ ಪ್ರತಿಯೊಬ್ಬ ಹೆಂಗಸಿನ ಕೇಸ್‌ಶೀಟಿನಲ್ಲಿ ಆಕೆ ಏನು ಕೆಲಸ ಮಾಡುತ್ತಾಳೆ, ಯಾವ ಭಂಗಿಯಲ್ಲಿ, ದಿನಕ್ಕೆ ಎಷ್ಟು ಗಂಟೆ ಎಂಬುದನ್ನು ಬರೆಯುವ ಪದ್ಧತಿ ಶುರುವಾಗಲಿ. ‘ಗೃಹಿಣಿ’ ಎಂದು ಬರೆದು ಮುಂದಿನ ಕಾಲಂಗೆ ಹೋಗುವುದು ನಿಲ್ಲಲಿ. ಎರಡನೆಯದು, ಪ್ರತಿ ಭೇಟಿಯಲ್ಲೂ ನೋವು ಎಷ್ಟು, ಸುಸ್ತು ಎಷ್ಟು ಎಂದು ಆಕೆಯನ್ನೇ ಕೇಳಿ, ಆಕೆ ಹೇಳಿದ್ದನ್ನೇ ಸೊನ್ನೆಯಿಂದ ಹತ್ತರ ಅಳತೆಯಲ್ಲಿ ದಾಖಲಿಸೋಣ. ರೋಗಿ ಅನುಭವಿಸುವ ಬಾಧೆಯನ್ನು ವೈದ್ಯರು ಕಡಿಮೆ ಅಂದಾಜು ಮಾಡುತ್ತಾರೆ ಎಂಬುದನ್ನು ಈಥನ್ ಬ್ಯಾಶ್ ಅವರಂಥ ಸಂಶೋಧಕರು ಮತ್ತೆ ಮತ್ತೆ ತೋರಿಸಿದ್ದಾರೆ. ಈ ಎರಡು ಕೆಲಸಕ್ಕೆ ಹೊಸ ಯಂತ್ರ ಬೇಡ, ಅನುದಾನ ಬೇಡ. ಜಿಲ್ಲಾಸ್ಪತ್ರೆಯ ಒಬ್ಬ ಶುಶ್ರೂಷಕಿ, ಒಂದು ಪೆನ್ನು ಸಾಕು. ಐದಾರು ಜಿಲ್ಲೆಗಳಲ್ಲಿ ಹೀಗೆ ಬರೆದಿಟ್ಟರೆ, ನಾನು ಎತ್ತಿದ ಪ್ರಶ್ನೆಗೆ ಉತ್ತರ ಹುಡುಕುವ ಮೊದಲ ಸಾಮಗ್ರಿ ನಮ್ಮ ಕೈಯಲ್ಲಿರುತ್ತದೆ.

ನಾಳೆ ಸಂಜೆಯ ಸಮಾರೋಪದಲ್ಲಿ ಇವೆರಡನ್ನೂ ನಿರ್ಣಯವಾಗಿ ಅಂಗೀಕರಿಸಬೇಕೆಂದು ಕೋರುತ್ತೇನೆ. ಕರಡನ್ನು ಬರೆಯುವ ಸಮಿತಿಯಲ್ಲಿ ಚಿಕಿತ್ಸೆ ಮುಗಿಸಿದ ತಾಯಂದಿರಲ್ಲಿ ಕನಿಷ್ಠ ಇಬ್ಬರು ಇರಲೇಬೇಕು.  ಗೋಷ್ಠಿಗಳು ಆರಂಭವಾಗಲಿ.